ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ವ್ಯಕ್ತಿನಾಮಗಳು: ಅರ್ಥ ಮತ್ತು ಮೂಲ

ವ್ಯಕ್ತಿನಾಮಕ್ಕೆ ಅರ್ಥವುಂಟೆ ಎಂಬ ಪ್ರಶ್ನೆಗೆ ತರ್ಕಶಾಸ್ತ್ರಜ್ಞನು ಕೊಡುವ ಉತ್ತರ ಒಂದು, ಭಾಷಾಶಾಸ್ತ್ರಜ್ಞನು ಕೊಡುವ ಉತ್ತರ ಇನ್ನೊಂದು. ಹೆಸರೆಂಬುದು ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸುವ ಗುರುತು ಮಾತ್ರವೆಂದು ಮೊದಲನೆಯವನು ಹೇಳಿ ನಿಲ್ಲುತ್ತಾನೆ. ಎರಡನೆಯವನಿಗಾದರೋ ಅಷ್ಟರಿಂದ ತೃಪ್ತಿಯಿಲ್ಲ. ಆ ಗುರುತನ್ನು ಮೊದಲು ಇಟ್ಟವರು ಯಾರು, ಯಾವ ಸಂದರ್ಭದಲ್ಲಿ, ಏನನ್ನು ಬಯಸಿ ಇಟ್ಟರು ಎಂಬುದನ್ನು ಅವನು ಅರಸಬೇಕಾಗುತ್ತದೆ. ಪ್ರಕೃತ ಲೇಖನದಲ್ಲಿ ನಾವು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ರೂಢಿಯಲ್ಲಿರುವ ಕೆಲವು ಹೆಸರುಗಳನ್ನು ತೆಗೆದುಕೊಂಡು ಈ ಅರಸುವಿಕೆಯ ಕ್ರಮವನ್ನು ವಿವರಿಸಲು ಯತ್ನಿಸುತ್ತೇವೆ.

ಈ ಸೀಮೆಯನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಕಡೂರು ಬಯಲುನಾಡು, ತರೀಕೆರೆ ಬಯಲೂ ಮಲೆಯೂ ಕೂಡುವ ಅರೆಮಲೆನಾಡು, ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಚೆಗೆ ಬೇರೆ ತಾಲ್ಲೂಕಾದ ಅಜ್ಜಂಪುರವು ಚಿತ್ರದುರ್ಗದ ಕಡೆಗೆ ಮುಖಮಾಡಿದ ನಾಡು. ಮೂರು ದಿಕ್ಕುಗಳ ದೇವರೂ ಮಠಗಳೂ ಆಡುನುಡಿಗಳೂ ಇಲ್ಲಿ ಬಂದು ಸೇರಿವೆ. ಇಂದು ಚಿಕ್ಕಮಗಳೂರು ಜಿಲ್ಲೆಯೆನಿಸಿದ ಪ್ರದೇಶಕ್ಕೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದುದರಿಂದ, ಇಂದಿನ ಹೆಸರನ್ನು ಸಾವಿರ ವರ್ಷಗಳ ಹಿಂದಿನ ಹೆಸರಿನೊಡನೆ ಹೋಲಿಸಿ ನೋಡುವ ಅನುಕೂಲ ನಮಗೆ ಒದಗಿದೆ.

ಆ ಹೋಲಿಕೆಗೆ ಕಡೂರಿನ ಕಂಬವೊಂದರ ಮೇಲಿರುವ ಕ್ರಿ. ಶ. 971ರ ಶಾಸನವೇ ಮೊದಲ ನಿದರ್ಶನವಾಗಲಿ. ಗಂಗರ ಬೂತುಗನ ಅಕ್ಕನಾದ ಪಾಂಬಬ್ಬೆಯು ಕೇಶಲೋಚನ ಮಾಡಿಕೊಂಡು ಮೂವತ್ತು ವರ್ಷ ತಪಸ್ಸು ನಡೆಸಿ ಮುಡಿಪಿದ ಸಂಗತಿಯನ್ನು ಅದು ತಿಳಿಸುತ್ತದೆ. ಆಕೆಯ ಹೆಸರಿನ ಕೊನೆಯಲ್ಲಿರುವ ‘ಅಬ್ಬೆ’ ಎಂಬುದು ತಾಯಿ ಎಂಬ ಅರ್ಥದ ಅಚ್ಚಗನ್ನಡ ಪದ. ಅತ್ತಿಮಬ್ಬೆಯ ಹೆಸರಿನಲ್ಲಿರುವುದೂ ಇದೇ. ಅಬ್ಬೆ, ಅವ್ವೆ, ಅವ್ವ ಎಂಬಿವು ಒಂದೇ ಕುಲದ ಪದಗಳು. ಇಂದಿನ ಗೌರವ್ವ, ನಾಗವ್ವ, ಸಿದ್ಧವ್ವ ಎಂಬ ಹೆಸರುಗಳ ಉತ್ತರಪದವು ರಾಜಕುಟುಂಬದ ಪಾಂಬಬ್ಬೆಯ ಹೆಸರಿನಲ್ಲಿದ್ದ ಪದವೇ ಹೊರತು ಬೇರೆಯಲ್ಲ. ಹಳ್ಳಿಯ ಹೆಸರೆಂದು ವಿದ್ಯಾವಂತರು ಇಂದು ಹಿಂಜರಿಯುವ ರೂಪಕ್ಕೆ ಎಷ್ಟು ಹಿರಿದಾದ ವಂಶಾವಳಿಯಿದೆಯೆಂಬುದನ್ನು ಇದರಿಂದ ಊಹಿಸಬಹುದು.

ಅಪ್ಪ, ಅಯ್ಯ, ಅಣ್ಣ, ಅಮ್ಮ, ಅವ್ವ, ಅಕ್ಕ ಮೊದಲಾದ ಬಂಧುವಾಚಕಗಳು ಹೆಸರಿನ ಕೊನೆಯಲ್ಲಿ ನಿಲ್ಲುವುದು ಕನ್ನಡ ವ್ಯಕ್ತಿನಾಮರಚನೆಯ ಮುಖ್ಯ ಲಕ್ಷಣ. ತೊಟ್ಟಿಲಲ್ಲಿರುವ ಕೂಸನ್ನು ‘ಅಪ್ಪ’ ಎಂದೂ ‘ಅಮ್ಮ’ ಎಂದೂ ಕರೆಯುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣಬಹುದು. ಆದರೆ ಇಲ್ಲಿ ಬಂಧುವಾಚಕವು ಬಂಧುತ್ವವನ್ನಲ್ಲ, ಗೌರವವನ್ನು ಸೂಚಿಸುತ್ತದೆ. ಇದನ್ನು ಮನಗಾಣಲು ಹಳೆಯ ಕಂದಾಯದ ಕಾಗದಪತ್ರಗಳನ್ನು ತೆರೆಯಬೇಕು. ಅಲ್ಲಿ ಒಕ್ಕಲುತನದವನು ‘ಕರಿಯಪ್ಪ ಬಿನ್ ಹನುಮಪ್ಪ’ನಾಗಿರುತ್ತಾನೆ, ಅವನ ಹೊಲದಲ್ಲಿ ದುಡಿಯುವ, ಅಸ್ಪೃಶ್ಯನೆನಿಸಿದವನು ‘ಕರಿಯ ಬಿನ್ ಹನುಮ’ನಾಗಿರುತ್ತಾನೆ. ಇಬ್ಬರ ಹೆಸರೂ ಒಂದೇ, ಇಬ್ಬರ ತಂದೆಯರ ಹೆಸರೂ ಒಂದೇ. ಮಗನೆಂಬ ಅರ್ಥದ ಅರಬ್ಬಿಯ ‘ಬಿನ್’ ಇಬ್ಬರಿಗೂ ದೊರೆಯಿತು. ಕನ್ನಡದ ‘ಅಪ್ಪ’ ಮಾತ್ರ ಒಬ್ಬನಿಗೆ ದೊರೆಯಲಿಲ್ಲ. ಎರಡಕ್ಷರದ ಈ ಪ್ರತ್ಯಯವನ್ನು ಕೊಡುವ, ಕೊಡದಿರುವ ಅಧಿಕಾರವು ಊರಿನ ಬಲಿಷ್ಠರಲ್ಲಿಯೂ ಬರೆಯುವವನ ಲೇಖನಿಯಲ್ಲಿಯೂ ಇದ್ದಿತು. ಇದರಿಂದ, ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸುವಾಗ ದಲಿತ ತಂದೆತಾಯಿಗಳು ಹಳೆಯ ಹೆಸರನ್ನು ಬಿಟ್ಟು ಹೊಸದನ್ನು ಬರೆಸಿದರೆ ಅದನ್ನು ಸಂಪ್ರದಾಯದ ನಾಶವೆಂದು ಹಳಿಯುವುದು ತರವಲ್ಲ. ಅಲ್ಲಿ ಬದಲಾದುದು ಹೆಸರು ಮಾತ್ರವಲ್ಲ, ಹೆಸರಿಡುವ ಹಕ್ಕು ಯಾರದೆಂಬುದೇ ಬದಲಾಗಿದೆ.

ಇನ್ನು ಪೂರ್ವಪದಗಳನ್ನು ನೋಡೋಣ. ಅವುಗಳಲ್ಲಿ ಹೆಚ್ಚಿನವು ದೇವರ ಹೆಸರುಗಳು. ಅದರಲ್ಲಿಯೂ ಗೊತ್ತಾದ ಒಂದು ಊರಿನ, ಒಂದು ಗುಡಿಯ ದೇವರ ಹೆಸರುಗಳು. ಬೀರೂರಿನಲ್ಲಿ ಮಹಾನವಮಿಯ ಕಾಲಕ್ಕೆ ಕಾರಣಿಕ ನುಡಿಯುವ ಸಂಪ್ರದಾಯವುಳ್ಳ ಮೈಲಾರಲಿಂಗನಿಂದ ಮೈಲಾರಪ್ಪನೂ, ಆ ದೇವರ ಮಡದಿಯಾದ ಗಂಗಿಮಾಳವ್ವನಿಂದ ಮಾಳಮ್ಮನೂ ಬರುತ್ತಾರೆ. ಸಖರಾಯಪಟ್ಟಣದ ರಂಗನಾಥನು ರಂಗಪ್ಪ, ರಂಗಮ್ಮರಿಗೆ ಮೂಲ. ದೇವನೂರಿನ ಲಕ್ಷ್ಮೀಕಾಂತನು ಅಲ್ಲಿಯವರ ಹೆಸರಿನಲ್ಲಿ ನೆಲೆಸುತ್ತಾನೆ. ಜೈಮಿನಿ ಭಾರತದ ಕವಿ ಲಕ್ಷ್ಮೀಶನು ಈ ಊರಿನವನೆಂಬುದು ನಾಡಿನವರ ನಂಬಿಕೆ. ಅಂತರಘಟ್ಟೆಯ ದುರ್ಗಾಂಬೆಯಿಂದ ದುರ್ಗಪ್ಪ, ದುರ್ಗಮ್ಮರು ಬಂದಿದ್ದಾರೆ. ಸಿರಿಗೆರೆ ಮತ್ತು ಉಜ್ಜಿನಿಯ ಸಂಪ್ರದಾಯಗಳ ಪ್ರಭಾವದಿಂದ ಮರುಳಸಿದ್ಧಪ್ಪನೆಂಬ ಹೆಸರು ಬಂದಿದೆ. ‘ಮರುಳು’ ಎಂಬುದಕ್ಕೆ ನಿಘಂಟು ಕೊಡುವ ಅರ್ಥವನ್ನು ಮಾತ್ರ ಹಿಡಿದು ಈ ಕಡೆಯ ಹೆಸರನ್ನು ಅರ್ಥೈಸಹೊರಟವನು ನಗೆಗೀಡಾಗುವನು. ಮಗುವಿಗಿಟ್ಟುದು ಪದವನ್ನಲ್ಲ, ಗುರುವಿನ ಹೆಸರನ್ನು.

ಇಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯ. ಹೆಸರನ್ನು ನೋಡಿ ಜಾತಿಯನ್ನು ನಿರ್ಣಯಿಸುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ರೇವಣಸಿದ್ಧನು ಹಾಲುಮತದವರಿಗೂ ಗುರು, ವೀರಶೈವರಿಗೂ ಗುರು. ಆದುದರಿಂದ ರೇವಣ್ಣ, ರೇವಣಸಿದ್ಧಪ್ಪರು ಎರಡು ಸಮುದಾಯಗಳಲ್ಲಿಯೂ ಇದ್ದಾರೆ. ಹನುಮಪ್ಪ, ರಂಗಪ್ಪ ಎಂಬ ಹೆಸರುಗಳು ತರೀಕೆರೆಯ ಪಾಳೆಯಗಾರರ ಮನೆತನದಲ್ಲಿದ್ದುವು. 1830ರ ನಗರದ ದಂಗೆಯಲ್ಲಿ ಕಾಣಿಸಿಕೊಳ್ಳುವ ರಂಗಪ್ಪ ನಾಯಕ, ಸರ್ಜಾ ಹನುಮಪ್ಪ ನಾಯಕರು ಇದಕ್ಕೆ ಸಾಕ್ಷಿ. ಅದೇ ಹೆಸರುಗಳು ಕೂಲಿಕಾರರ ಮನೆಯಲ್ಲಿಯೂ ಇದ್ದುವು. ಬಾಬಾಬುಡನ್‌ಗಿರಿಯ ದಾದಾ ಹಯಾತರ ನೆನಪು ಸುತ್ತಣ ಮುಸಲ್ಮಾನರಲ್ಲಿ ದಾದಾಪೀರ್ ಎಂಬ ಹೆಸರಾಗಿ ಉಳಿದಿದೆ. ಹಿಂದುಸ್ತಾನಿಯಲ್ಲಿ ‘ದಾದಾ’ ಎಂದರೆ ತಂದೆಯ ತಂದೆ. ಪಾರಸಿಯ ‘ಪೀರ್’ ಎಂದರೆ ಹಿರಿಯ, ಗುರು. ಹಿರಿಯರನ್ನು ಸೂಚಿಸುವ ಪದವನ್ನೇ ಕೂಸಿಗಿಡುವ ಕನ್ನಡದ ರೀತಿಗೂ ಇದಕ್ಕೂ ಇರುವ ಸಾಮ್ಯ ಗಮನಾರ್ಹ.

ದೇವರಿಂದ ಮನುಷ್ಯನಿಗೆ ಹೆಸರು ಬರುವಂತೆ ಮನುಷ್ಯನಿಂದ ದೇವರಿಗೆ ಹೆಸರು ಹೋಗುವುದೂ ಉಂಟು. ತರೀಕೆರೆಯ ಸಮೀಪದ ಅಮೃತಾಪುರದ ದೇವಾಲಯವನ್ನು 1196ರಲ್ಲಿ ಕಟ್ಟಿಸಿದವನು ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತ. ಅವನು ಪ್ರತಿಷ್ಠಿಸಿದ ಲಿಂಗವು ಅಮೃತೇಶ್ವರವಾಯಿತು, ಊರು ಅಮೃತಾಪುರವಾಯಿತು. ಬಳಿಕ ಆ ದೇವರಿಗೆ ನಡೆದುಕೊಳ್ಳುವ ಮನೆಯಲ್ಲಿ ಅಮೃತೇಶ, ಅಮೃತಪ್ಪ ಎಂದು ಹೆಸರಿಟ್ಟರೆ, ವ್ಯಕ್ತಿಯಿಂದ ದೇವರಿಗೂ ದೇವರಿಂದ ಮತ್ತೆ ವ್ಯಕ್ತಿಗೂ ಹೆಸರು ಸಾಗಿದಂತಾಗುತ್ತದೆ. ಹೀಗಿರುವಲ್ಲಿ, ಅಜ್ಜಂಪುರದ ಅಮೃತಮಹಲ್ ತಳಿಸಂವರ್ಧನ ಕೇಂದ್ರದ ಹೆಸರನ್ನು ಇದರೊಡನೆ ಗಂಟುಹಾಕಬಾರದು. ಮೈಸೂರು ಅರಸರ ಬೆಣ್ಣೆಚಾವಡಿಗೆ ಟೀಪೂ ಸುಲ್ತಾನನು ಇಟ್ಟ ಹೆಸರು ಅಮೃತಮಹಲ್. ಪದ ಒಂದೇ, ದಾರಿಗಳು ಎರಡು. ನೆರೆಯ ಎರಡು ಊರುಗಳಲ್ಲಿ ಒಂದೇ ಪದವಿದ್ದ ಮಾತ್ರಕ್ಕೆ ಮೂಲವೂ ಒಂದೆಂದು ಭಾವಿಸಲಾಗದು.

ಕಲ್ಲಪ್ಪ, ಕಲ್ಲೇಶ ಎಂಬ ಹೆಸರುಗಳೂ ಇಂಥದೇ ತೊಡಕನ್ನು ಒಡ್ಡುತ್ತವೆ. ಸಿಂಗಟಗೆರೆಯಲ್ಲಿ ಕಲ್ಲೇಶ್ವರನಿದ್ದಾನೆ. ಕಲ್ಲಿನ ಈಶ್ವರನೆ ಕಲ್ಲೇಶ್ವರನೆಂದು ಹೇಳಿಬಿಡುವುದು ಸುಲಭ. ಆದರೆ ಹರಪನಹಳ್ಳಿ ಸೀಮೆಯ ಬಾಗಳಿಯ ಕಲ್ಲೇಶ್ವರನನ್ನು ಅಲ್ಲಿಯ ಶಾಸನಗಳು ಕಲಿದೇವನೆಂದು ಕರೆಯುತ್ತವೆ. ‘ಕಲಿ’ ಎಂದರೆ ಶೂರ. ಕಲಿದೇವನು ಜನರ ಬಾಯಲ್ಲಿ ಕಲ್ಲೇಶ್ವರನಾದ ನಿದರ್ಶನ ಒಂದು ಕಡೆ ದೊರೆತಮೇಲೆ, ಬೇರೆ ಕಡೆಯ ಕಲ್ಲೇಶ್ವರರನ್ನೂ ಅಲ್ಲಲ್ಲಿಯ ಶಾಸನವನ್ನು ನೋಡದೆ ಕಲ್ಲಿಗೆ ಸೇರಿಸುವಂತಿಲ್ಲ, ಕಲಿಗೂ ಸೇರಿಸುವಂತಿಲ್ಲ.

ಇನ್ನೊಂದು ವರ್ಗದ ಹೆಸರುಗಳನ್ನು ಹೇಳುವಾಗ ಓದುಗರು ಸಹಾನುಭೂತಿಯಿಂದಿರಬೇಕೆಂದು ಬೇಡುತ್ತೇವೆ. ತಿಪ್ಪಯ್ಯ, ತಿಪ್ಪಮ್ಮ, ತೌಡಪ್ಪ, ಗುಂಡಪ್ಪ, ಹುಚ್ಚಪ್ಪ, ಸಾಕಮ್ಮ ಎಂಬಿವು ಆ ವರ್ಗಕ್ಕೆ ಸೇರಿದವು. ಈ ಹೆಸರಿನ ವಿದ್ಯಾರ್ಥಿಗಳು ತರಗತಿಯಲ್ಲಿ ಹಾಜರಿ ಕೂಗುವಾಗ ತಲೆತಗ್ಗಿಸುವುದನ್ನು ಅಧ್ಯಾಪಕರು ಬಲ್ಲರು. ಹುಟ್ಟಿದ ಮಕ್ಕಳು ಒಂದಾದಮೇಲೊಂದು ತೀರಿಕೊಂಡ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ಎತ್ತಿಕೊಳ್ಳುವ, ಇಲ್ಲವೆ ಒಂದು ಮೊರ ತೌಡಿಗೆ ನೆರೆಯವರಿಗೆ ಕೊಟ್ಟಂತೆ ಮಾಡಿ ಮರಳಿ ಪಡೆಯುವ ಪದ್ಧತಿ ಹಿಂದೆ ಇದ್ದಿತು. ಇದು ಯಾರಿಗೂ ಬೇಡದ ವಸ್ತುವೆಂದು ಮೃತ್ಯುವು ಭ್ರಮಿಸಿ ಬಿಟ್ಟುಹೋಗಲಿ ಎಂಬುದೇ ಅದರ ಉದ್ದೇಶ. ವೈದ್ಯನೂ ಔಷಧವೂ ದೊರೆಯದ ಕಾಲದಲ್ಲಿ ತಾಯಿತಂದೆಗಳಿಗೆ ಉಳಿದಿದ್ದ ರಕ್ಷೆ ಈ ಹೆಸರೊಂದೇ. ಹೆಸರು ಕೀಳಾದಷ್ಟೂ ಮಗು ಅವರಿಗೆ ಅಮೂಲ್ಯವಾಗಿದ್ದಿತೆಂದು ತಿಳಿಯತಕ್ಕದ್ದು.

ಆದರೂ ಪ್ರತಿಯೊಬ್ಬ ತಿಪ್ಪಯ್ಯನ ಹಿಂದೆಯೂ ಈ ಕಥೆಯೇ ಇರಬೇಕೆಂದಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಪಡೆದ ಮಗುವೂ ತಿಪ್ಪೇಸ್ವಾಮಿಯೇ. ಅಲ್ಲದೆ ಒಕ್ಕಲಿಗನಿಗೆ ತಿಪ್ಪೆಯು ಬರಿಯ ಕಸವಲ್ಲ. ಹೊಲಕ್ಕೆ ಬಲಕೊಡುವ ಗೊಬ್ಬರವಾದುದರಿಂದ ದೀಪಾವಳಿಯಲ್ಲಿ ಅದಕ್ಕೂ ದೀಪವಿಟ್ಟು ಪೂಜಿಸುವ ರೂಢಿಯಿದೆ. ಹಾಗೆಯೇ ‘ಸಾಕಮ್ಮ’ ಎಂಬಲ್ಲಿ ‘ಸಾಕು’ ಎಂಬುದು ಹೆಣ್ಣುಮಕ್ಕಳು ಇನ್ನು ಸಾಕೆಂಬ ನಿಟ್ಟುಸಿರಾಗಿರಬಹುದು. ಸಾಕಿ ಸಲಹಿದವಳು ಎಂಬ ಪ್ರೀತಿಯೂ ಆಗಿರಬಹುದು. ಇವೆರಡರಲ್ಲಿ ಯಾವುದೆಂಬುದನ್ನು ವ್ಯಾಕರಣ ಹೇಳಲಾರದು. ಆ ಮನೆಯ ಹಿರಿಯರು ಮಾತ್ರ ಹೇಳಬಲ್ಲರು.

ಮನೆಯೊಳಗಿನ ಮರ್ಯಾದೆಯಿಂದ ಹುಟ್ಟಿದ ಹೆಸರುಗಳೂ ಇವೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ವಾಡಿಕೆ. ಮಾವನ ಹೆಸರನ್ನು ಸೊಸೆ ಉಚ್ಚರಿಸಬಾರದೆಂಬುದೂ ವಾಡಿಕೆ. ಎರಡೂ ಕೂಡಿದಲ್ಲಿ ತಾಯಿಯು ತನ್ನ ಮಗನನ್ನೇ ಹೆಸರು ಹಿಡಿದು ಕರೆಯಲಾರದೆ ಅಜ್ಜಯ್ಯ, ಸ್ವಾಮಿ, ಪುಟ್ಟಪ್ಪ, ದೊರೆ ಎಂದು ಕರೆಯಬೇಕಾಗುತ್ತದೆ. ಹೀಗೆ ಕರೆದ ಹೆಸರೇ ನಿಂತು, ಶಾಲೆಯ ದಾಖಲೆಗೂ ಸೇರಿ, ಇಟ್ಟ ಹೆಸರು ಮರೆಯಾಗುವುದುಂಟು.

ಈಗ ಈ ನಾಮಸಂಪತ್ತು ಬೇಗಬೇಗನೆ ರೂಪಾಂತರ ಹೊಂದುತ್ತಿದೆ. ಮೊದಲ ಹಂತದಲ್ಲಿ ಬಂಧುವಾಚಕವು ಜಾರಿ ಅದರ ಸ್ಥಾನದಲ್ಲಿ ಸಂಸ್ಕೃತದ ‘ಈಶ’ ಬಂದಿತು: ಬೀರಪ್ಪನ ಮೊಮ್ಮಗ ಬೀರೇಶ, ಹಾಲಪ್ಪನ ಮೊಮ್ಮಗ ಹಾಲೇಶ, ಮಲ್ಲಪ್ಪನ ಮೊಮ್ಮಗ ಮಲ್ಲೇಶ. ಇಲ್ಲಿ ಊರದೇವರ ಗುರುತು ಉಳಿದಿದ್ದಿತು. ಮುಂದಿನ ಹಂತದಲ್ಲಿ ಆ ಗುರುತೂ ಹೋಗಿ, ಭಾರತದ ಯಾವ ಪಟ್ಟಣದಲ್ಲಿಯಾದರೂ ಸಲ್ಲುವ ಹೆಸರುಗಳು ಬಂದಿವೆ. ಇದನ್ನು ತಡೆಯುವುದು ವಿದ್ವಾಂಸರ ಕೆಲಸವಲ್ಲ, ತಡೆಯಬೇಕಾದುದೂ ಅಲ್ಲ. ತಮ್ಮ ಮಕ್ಕಳಿಗೆ ಇಷ್ಟವಾದ ಹೆಸರಿಡುವ ಸ್ವಾತಂತ್ರ್ಯ ಎಲ್ಲರದು. ಆದರೆ ಹಳೆಯ ಹೆಸರುಗಳ ಅರ್ಥವನ್ನು ಹೇಳಬಲ್ಲ ಹಿರಿಯರು ಇಲ್ಲವಾದಮೇಲೆ ಉಳಿಯುವುದು ನಿಘಂಟು ಮಾತ್ರ. ನಿಘಂಟು ಈ ವಿಷಯದಲ್ಲಿ ಎಷ್ಟು ದುರ್ಬಲ ಸಾಕ್ಷಿಯೆಂಬುದನ್ನು ಮೇಲೆ ನೋಡಿದ್ದೇವೆ.

ಆದುದರಿಂದ ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೈಗೊಳ್ಳಬಹುದಾದ ಕಾರ್ಯವೊಂದನ್ನು ಸೂಚಿಸುತ್ತೇವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಮೂರು ತಲೆಮಾರಿನ ಹೆಸರುಗಳನ್ನು ಬರೆದುಕೊಂಡು, ಒಂದೊಂದಕ್ಕೂ ನಾಲ್ಕು ಪ್ರಶ್ನೆಗಳನ್ನು ಕೇಳಲಿ: ಈ ಹೆಸರು ಯಾರದಾಗಿದ್ದಿತು? ಯಾವ ಊರಿನ ಯಾವ ದೇವರದು? ಹುಟ್ಟಿದಾಗ ಮನೆಯಲ್ಲಿ ಏನು ನಡೆದಿದ್ದಿತು? ದಾಖಲೆಯಲ್ಲಿ ಬರೆದ ಹೆಸರೂ ಮನೆಯಲ್ಲಿ ಕರೆಯುವ ಹೆಸರೂ ಒಂದೆಯೆ? ಉತ್ತರಗಳನ್ನು ಹೇಳಿದವರ ಮಾತಿನಲ್ಲಿಯೇ ಬರೆದಿಡಬೇಕು. ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು. ಅಂಥ ಬರಹಗಳು ನೂರಾರು ಸೇರಿದಾಗ ಈ ನಾಡಿನ ಗುಡಿಗಳ, ರೋಗರುಜಿನಗಳ, ವಲಸೆಗಳ, ಮೇಲುಕೀಳುಗಳ ಚರಿತ್ರೆಯ ಒಂದು ಭಾಗವು ತಾನಾಗಿ ಬೆಳಕಿಗೆ ಬರುವುದು. ಪಾಂಬಬ್ಬೆಯ ಹೆಸರನ್ನು ಕಾಪಾಡಲು ಕಲ್ಲಿನ ಕಂಬವಿದ್ದಿತು. ತಿಪ್ಪಯ್ಯ, ಸಾಕಮ್ಮರಿಗೆ ಅಂಥ ಕಂಬವಿಲ್ಲ. ಅವರ ಹೆಸರಿನ ಅರ್ಥವನ್ನು ಉಳಿಸುವ ಹೊಣೆ ವಿದ್ಯಾರ್ಥಿಯ ಟಿಪ್ಪಣಿಯ ಪುಸ್ತಕದ ಮೇಲಿದೆ.