ನೀರು ಕುಡಿಯುವ ಪುಡಿ

ಹಗರಿಬೊಮ್ಮನಹಳ್ಳಿಯ ಅಂಗಡಿಯೊಂದರಲ್ಲಿ ಲೋಟದ ನೀರಿಗೆ ಚಿಟಿಕೆ ಬಿಳಿಯ ಪುಡಿ ಹಾಕಿ, ಕ್ಷಣದೊಳಗೆ ಲೋಟವನ್ನು ಬೋರಲಾಗಿಸಿ, ಹನಿಯೂ ಬೀಳದುದನ್ನು ತೋರಿಸಿದರಂತೆ. ಅದನ್ನು ಕಂಡು ಬಂದ ಮಸಾರಿ ಹೊಲದ ರೈತರೊಬ್ಬರು, "ಇದನ್ನ ಹಾಕಿದ್ರ ಮಳಿ ಇಲ್ದಿದ್ರೂ ಬೆಳಿ ನಿಲ್ಲತೈತೇನ್ರೀ?" ಎಂದು ಕೇಳಿದರು.

ಪುಡಿಯ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ತುಂಗಭದ್ರೆಯ ಹಿನ್ನೀರಿನಲ್ಲಿ ಬೆಸ್ತರು ಬೀಸುವ ಬಲೆಯನ್ನು ಬಲ್ಲವರಿಗೆ ಇದರ ರಹಸ್ಯವು ದುರ್ಗಮವಲ್ಲ. ಬುಟ್ಟಿಯಲ್ಲಿ ಮುದ್ದೆಯಾಗಿ ಬಿದ್ದ ಬಲೆ ನೀರಿಗಿಳಿದೊಡನೆ ಹರವಿಕೊಳ್ಳುವಂತೆ, ಇದರ ಅಣುಸರಪಳಿಗಳೂ ನೀರು ಸೋಂಕಿದೊಡನೆ ಸೋಡಿಯಂ ಅಯಾನುಗಳನ್ನು ಸಡಿಲಬಿಟ್ಟು, ತಮ್ಮಲ್ಲುಳಿದ ಋಣವಿದ್ಯುದಂಶಗಳ ವಿಕರ್ಷಣೆಯಿಂದ ಒಂದನ್ನೊಂದು ದೂರ ತಳ್ಳುತ್ತವೆ. ಒಳಗಿನ ಅಯಾನುಗಳ ಸಾಂದ್ರತೆಯನ್ನು ತಗ್ಗಿಸಲೆಂದು ಹೊರಗಿನ ನೀರು ನುಗ್ಗುತ್ತದೆ. ಹಾಗಿದ್ದೂ ಎಳೆಗಳು ಕರಗಿಹೋಗದಿರುವುದು ಬಲೆಯ ಗಂಟುಗಳಿಂದ. ಗಂಟು ವಿರಳವಾದರೆ ನೀರು ಹೆಚ್ಚು ಹಿಡಿದೀತು, ಆದರೆ ಅಂಬಲಿಯಂಥ ಲೋಳೆ. ಒತ್ತಾದರೆ ಗಟ್ಟಿ, ನೀರು ಅಲ್ಪ. ಈ ಉಬ್ಬಿನ ಲೆಕ್ಕವನ್ನು ವಿಶದೀಕರಿಸಿದ ರಸಾಯನವಿಜ್ಞಾನಿ ಪಾಲ್ ಫ್ಲೋರಿಯ ಗ್ರಂಥವು ಪ್ರಕಟವಾದುದು ೧೯೫೩ರಲ್ಲಿ. ತುಂಗಭದ್ರಾ ಅಣೆಕಟ್ಟು ಮುಗಿದುದೂ ಅದೇ ವರ್ಷ. ಕಾಕತಾಳೀಯವೇ ಸರಿ, ಆದರೂ ನನಗೆ ಪ್ರಿಯವಾದುದು.

ಈ ಪುಡಿಯ ವಂಶವೃತ್ತಾಂತವೂ ಸ್ವಾರಸ್ಯವಾಗಿದೆ. ಅಮೆರಿಕದ ಕೃಷಿ ಇಲಾಖೆಯ ಪಿಯೋರಿಯಾ ಪ್ರಯೋಗಶಾಲೆಯವರು, ನಮ್ಮ ಸೀಮೆಯ ಹೊಲಗಳಲ್ಲಿಯೂ ತೂಗುವ ಮೆಕ್ಕೆಜೋಳದ ಪಿಷ್ಟಕ್ಕೆ ಕೃತಕ ಸರಪಳಿಯನ್ನು ಕಸಿಕಟ್ಟಿ ಪಡೆದ 'ಸೂಪರ್ ಸ್ಲರ್ಪರ್' ಇದರ ಹಿರಿಯಣ್ಣ. ಹೊಲವು ವ್ಯಾಪಕವಾಗಿ ಆದರಿಸುವ ಮೊದಲೇ ತೊಟ್ಟಿಲು ಈ ಕುಲವನ್ನು ಅಪಹರಿಸಿತು. ಇಂದು ಲೋಕದಲ್ಲಿ ಸಿದ್ಧವಾಗುವ ಇಂಥ ಪುಡಿಯ ಬಹುಪಾಲು ಡಯಾಪರುಗಳಿಗೇ ಸಲ್ಲುತ್ತದೆ.

ಅಂಥ ಡಯಾಪರೊಂದನ್ನು ನಾನೇ ಕತ್ತರಿಸಿ, ಒಳಗಿನಿಂದ ಉದುರಿದ ಸಕ್ಕರೆಯಂಥ ಹರಳುಗಳನ್ನು ಎರಡು ಬಟ್ಟಲಿಗೆ ಹಂಚಿ, ಒಂದಕ್ಕೆ ಮಳೆನೀರನ್ನೂ ಇನ್ನೊಂದಕ್ಕೆ ಕೊಳವೆಬಾವಿಯ ಗಡಸು ನೀರನ್ನೂ ಎರೆದೆನು. ಮೊದಲಿನದು ಅಂಚು ಮೀರಿ ಉಬ್ಬಿತು. ಎರಡನೆಯದು ಅರ್ಧಕ್ಕೇ ಸುಸ್ತಾಯಿತು, ಏಕೆಂದರೆ ಗಡಸು ನೀರಿನ ಕ್ಯಾಲ್ಸಿಯಂ ಎರಡೆರಡು ಎಳೆಗಳನ್ನು ಹಿಡಿದು ಹೊಸ ಗಂಟು ಬಿಗಿಯುತ್ತದೆ. ಉಬ್ಬಿದ ಲೋಳೆಗೆ ಚಿಟಿಕೆ ಉಪ್ಪು ಉದುರಿಸಲು, ಕುಡಿದುದನ್ನೆಲ್ಲ ಕಾರಿಕೊಂಡು ಕುಸಿಯಿತು. ಪುಡಿಯ ಪೊಟ್ಟಣದ ಮೇಲಣ 'ನೂರಾರು ಪಟ್ಟು' ಎಂಬುದು ಶುದ್ಧಜಲದ ಮಾತು.

ಹೊಲಕ್ಕೆ ಸೋಡಿಯಂ ಲವಣವು ಸಲ್ಲದು. ಪೊಟ್ಯಾಸಿಯಂ ಲವಣವೋ, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು ಸೆಲ್ಯುಲೋಸಿನ ಆಧಾರದ ಮೇಲೆ ರೂಪಿಸಿದ ಪೂಸಾ ಹೈಡ್ರೋಜೆಲ್ಲೋ ಬೇಕು. ಎಕರೆಗೆ ಎರಡು ಕಿಲೋ ಹಾಕಿ, ತನ್ನ ತೂಕದ ೩೫೦ ಪಟ್ಟು ಕುಡಿಯಿತೆಂದೇ ಭಾವಿಸೋಣ: ೭೦೦ ಲೀಟರು. ಎಕರೆಯ ಮೇಲೆ ಬಿದ್ದ ಒಂದೇ ಒಂದು ಮಿಲಿಮೀಟರ್ ಮಳೆಯಾದರೋ ೪೦೦೦ ಲೀಟರಿಗೂ ಮಿಗಿಲು! ಆದರೂ ಬಿತ್ತುವ ಸಾಲಿನಲ್ಲಿಯೋ ಸಸಿಯ ಗುಂಡಿಯಲ್ಲಿಯೋ ಬೇರಿನ ಮಗ್ಗುಲಿಗೇ ಇಟ್ಟಾಗ, ಪ್ರತಿ ಮಳೆಗೂ ಮರಳಿ ತುಂಬಿಕೊಳ್ಳುವ ಆ ಪುಟ್ಟ ಗುಟುಕಿಗೆ ಬೆಲೆಯುಂಟು.

ಲೆಕ್ಕವನ್ನು ಕೇಳಿದ ರೈತರು ಎಕರೆಯ ಮಾತು ಬಿಟ್ಟು, ದಾಳಿಂಬೆಯ ಹತ್ತು ಗುಂಡಿಗೆ ಸಾಲುವಷ್ಟು ಮಾತ್ರ ಕೊಂಡರು. ಗುಂಡಿ ತೋಡಿಯಾಗಿದೆ, ಮಳೆಗೆ ಕಾಯುತ್ತಿದ್ದಾರೆ.