ಚುಚ್ಚಿದ ಸೂಜಿ ಮುಂದೆ ಎಲ್ಲಿಗೆ ಹೋಗುತ್ತೆ? ದವಾಖಾನೆ ಸಿಬ್ಬಂದಿಗೆ ಇರೋ ಅಪಾಯ, ಊರಿನವರು ಮಾಡಬೇಕಾದ್ದು

ಬೈಲಹೊಂಗಲ: ಇಂಜೆಕ್ಷನ್ ಮಾಡಿಸಿಕೊಂಡು ತೋಳು ಉಜ್ಜಿಕೊಳ್ಳುತ್ತಾ ಹೊರಗೆ ಬಂದರೆ ರೋಗಿಯ ಕೆಲಸ ಮುಗೀತು. ಸೂಜಿಯ ಕೆಲಸ ಮುಗಿಯೋದಿಲ್ಲ. ಅದು ನರ್ಸ್ ಕೈಯಿಂದ ಡಬ್ಬಿಗೆ, ಅಲ್ಲಿಂದ ಗ್ರೂಪ್ ಡಿ ನೌಕರರ ಕೈಗೆ, ಕೊನೆಗೆ ತ್ಯಾಜ್ಯದ ಗಾಡಿಗೆ ಹೋಗಬೇಕು. ಈ ದಾರಿಯಲ್ಲಿ ಯಾರಿಗಾದರೂ ಚುಚ್ಚಿದರೆ ರೋಗಿಯ ರಕ್ತದಲ್ಲಿದ್ದ ಕಾಯಿಲೆ ಅವರಿಗೂ ಬರಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸರ್ಕಾರಿ ದವಾಖಾನೆ ಇರಲಿ, ಓಣಿಯ ಸಣ್ಣ ಕ್ಲಿನಿಕ್ ಇರಲಿ, ಅಲ್ಲಿ ದುಡಿಯೋ ಎಲ್ಲರಿಗೂ ಇದು ದಿನದ ಅಪಾಯ.

ಎಷ್ಟು ಅಪಾಯ?

ಎಚ್‌ಐವಿ ಇರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸುಮಾರು ಸಾವಿರಕ್ಕೆ ಮೂರು. ಜನ ಹೆದರೋದು ಇದಕ್ಕೇ. ಆದರೆ ಇದಕ್ಕಿಂತ ಬಹಳ ಸುಲಭವಾಗಿ ಹರಡೋದು ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ಬರುವ ಕಾಮಾಲೆಯ ಒಂದು ಬಗೆ. ಲಸಿಕೆ ಹಾಕಿಸಿಕೊಳ್ಳದವರಿಗೆ ಸೋಂಕಿನ ಸೂಜಿ ಚುಚ್ಚಿದರೆ ನೂರಕ್ಕೆ 30 ಮಂದಿಯವರೆಗೂ ತಗಲಬಹುದು. ಈ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರುತ್ತೆ. ಹೆಪಟೈಟಿಸ್ ಸಿ ಕೂಡ ಸೂಜಿಯಿಂದ ಬರುತ್ತೆ. ಅದಕ್ಕೆ ಲಸಿಕೆ ಇಲ್ಲ, ಆದರೆ ಈಗ ಮಾತ್ರೆಯಿಂದಲೇ ಗುಣವಾಗುತ್ತೆ.

ಸಮಾಧಾನದ ವಿಷಯ ಅಂದರೆ ಹೆಪಟೈಟಿಸ್ ಬಿ ತಡೆಯೋ ಲಸಿಕೆ ಇದೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸಿಬ್ಬಂದಿಗೆ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸೋದು ಆಸ್ಪತ್ರೆ ನಡೆಸುವವರ ಜವಾಬ್ದಾರಿ. ಡಾಕ್ಟರ್, ನರ್ಸ್ ಅಷ್ಟೇ ಅಲ್ಲ, ಕಸ ಎತ್ತುವವರಿಗೂ ಇದು ಅನ್ವಯ. ನಿಯಮ ದೊಡ್ಡ ಆಸ್ಪತ್ರೆಗೆ ಮಾತ್ರ ಅಂತ ಇಲ್ಲ, ಒಂದು ಕೋಣೆಯ ಕ್ಲಿನಿಕ್ಕಿಗೂ ಇದೆ.

ಗಡಿಬಿಡಿಯೇ ಕಾರಣ

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋದಾಗ ಕೈ ತಪ್ಪಿ ಬೆರಳಿಗೆ ಚುಚ್ಚೋದು ಹೆಚ್ಚು. ಮುಚ್ಚಳ ಹಾಕಬಾರದು, ನೇರವಾಗಿ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು ಅಂತ ನಿಯಮ. ಸಂತೆ ದಿನ, ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಜನ ಸೇರುವ ದಿನ, ರಾತ್ರಿ ಒಬ್ಬರೇ ನರ್ಸ್ ಇರುವ ಹೊತ್ತು, ಇಂಥ ವೇಳೆಯಲ್ಲೇ ಕೈ ತಪ್ಪೋದು. "ನಂದು ಮೊದಲು ಮುಗಿಸ್ರಿ ಸಿಸ್ಟರ್" ಅಂತ ಅವಸರ ಮಾಡುವವರು ಇದನ್ನು ನೆನಪಿಡಬೇಕು.

ಚುಚ್ಚಿದರೆ ಏನು ಮಾಡಬೇಕು?

ಹರಿಯುವ ನೀರಲ್ಲಿ ಸೋಪು ಹಚ್ಚಿ ತೊಳೆಯಬೇಕು. ಬೆರಳು ಬಾಯಿಗೆ ಇಡಬಾರದು, ಹಿಂಡಿ ರಕ್ತ ತೆಗೆಯಬಾರದು, ಸ್ಪಿರಿಟ್ ಅಥವಾ ಬ್ಲೀಚಿಂಗ್ ಸುರಿಯಬಾರದು. ಆಮೇಲೆ ಮುಚ್ಚಿಡದೆ ತಕ್ಷಣ ವೈದ್ಯಾಧಿಕಾರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಎರಡು ತಾಸಿನೊಳಗೆ ಶುರುವಾದರೆ ಒಳ್ಳೇದು, 72 ತಾಸು ದಾಟಿದರೆ ಉಪಯೋಗವಿಲ್ಲ. ಒಮ್ಮೆ ಶುರು ಮಾಡಿದರೆ 28 ದಿನ ತಪ್ಪದೆ ತಗೋಬೇಕು. ಮಾಹಿತಿಗೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. "ಸಾಹೇಬ್ರು ಬೈತಾರ" ಅಂತ ಸುಮ್ಮನಿದ್ದರೆ ಕೈಯಲ್ಲಿರೋ ತಾಸುಗಳು ಕಳೆದುಹೋಗುತ್ತವೆ.

ಉಸಿರಿನಿಂದ ಬರೋ ರೋಗ

ಎರಡನೇ ಅಪಾಯ ಗಾಳಿಯದು. ದಿನವಿಡೀ ಕೆಮ್ಮುವವರ ಮುಂದೆ ಕೂರುವ ಸಿಬ್ಬಂದಿಗೆ ಕ್ಷಯದ ಅಪಾಯ ಬೇರೆಯವರಿಗಿಂತ ಹೆಚ್ಚು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಆದದ್ದು ಕಲಬುರಗಿಯಲ್ಲಿ. ಆ ರೋಗಿಯನ್ನು ನೋಡಿದ್ದ ವೈದ್ಯರಿಗೂ ಸೋಂಕು ತಗಲಿತ್ತು. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ನಿಪಾ ರೋಗಿಯ ಆರೈಕೆ ಮಾಡಿ ತಾವೇ ತೀರಿಕೊಂಡರು. ಅದೂ ನಮ್ಮಂಥದ್ದೇ ಒಂದು ತಾಲೂಕು ಆಸ್ಪತ್ರೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಚೀಟಿ ಮಾಡಿಸುವಾಗಲೇ ಹೇಳಬೇಕು, ಬಾಯಿಗೆ ಟವೆಲ್ ಅಥವಾ ಮಾಸ್ಕ್ ಕಟ್ಟಬೇಕು. ಕ್ಷಯದ ಕಫ ಪರೀಕ್ಷೆ, ಔಷಧ ಎರಡೂ ಸರ್ಕಾರಿ ದವಾಖಾನೆಯಲ್ಲಿ ಉಚಿತ.

ಇದರ ಜತೆಗೆ ಬೈಗುಳ, ಹೊಡೆತವೂ ಇದೆ. ರೋಗಿ ತೀರಿಕೊಂಡರೆ ಸಿಟ್ಟು ಎದುರಿಗಿದ್ದ ನರ್ಸ್ ಮೇಲೆ ತಿರುಗುತ್ತೆ. ವೈದ್ಯಕೀಯ ಸಿಬ್ಬಂದಿ ಮೇಲೆ ಕೈ ಮಾಡುವುದನ್ನು ತಡೆಯಲು ರಾಜ್ಯದಲ್ಲಿ 2009ರಿಂದಲೇ ಪ್ರತ್ಯೇಕ ಕಾನೂನಿದೆ. ದೂರು ಇದ್ದರೆ ಬರೆದು ಕೊಡಬೇಕು, ಕೈ ಎತ್ತಬಾರದು.

ಮನೆ, ಅಂಗಡಿಯ ಸೂಜಿ

ಸೂಜಿ ಈಗ ದವಾಖಾನೆಯಲ್ಲಷ್ಟೇ ಇಲ್ಲ. ಸಕ್ಕರೆ ಕಾಯಿಲೆಯವರು ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಎಮ್ಮೆ, ಆಕಳಿಗೆ ಮಾಡಿದ ಇಂಜೆಕ್ಷನ್ ಸೂಜಿ ಕೊಟ್ಟಿಗೆಯಲ್ಲಿ ಬಿದ್ದಿರುತ್ತೆ. ಕ್ಷೌರದ ಅಂಗಡಿಯ ಬ್ಲೇಡ್ ಕೂಡ ರಕ್ತ ತಗಲಿದ ಚೂಪು ವಸ್ತುವೇ. ಇವೆಲ್ಲ ಹಾಲಿನ ಪಾಕೀಟು, ಕಾಯಿಪಲ್ಯೆ ಸಿಪ್ಪೆಯ ಜತೆ ಚೀಲ ಸೇರಿದರೆ, ಬೆಳಿಗ್ಗೆ ಆ ಚೀಲ ಹಿಡಿಯೋ ಪೌರಕಾರ್ಮಿಕರಿಗೆ ಚುಚ್ಚುತ್ತೆ. ಚುಚ್ಚಿದ್ದು ಯಾರ ಸೂಜಿ ಅಂತ ಗೊತ್ತಾಗದ ಕಾರಣ ಅವರ ಚಿಕಿತ್ಸೆಯೂ ಕಷ್ಟ.

ಉಪಾಯ ಸುಲಭ, ಖರ್ಚಿಲ್ಲ. ಖಾಲಿಯಾದ ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ, ಫಿನಾಯಿಲ್‌ದ್ದೋ ಶಾಂಪೂದ್ದೋ ಇರಲಿ, ಸೂಜಿ, ಬ್ಲೇಡ್ ಹಾಕಿ. ಮುಕ್ಕಾಲು ತುಂಬಿದ ಮೇಲೆ ಮುಚ್ಚಳ ಬಿಗಿ ಮಾಡಿ, ಮೇಲೆ "ಸೂಜಿ ಅದಾವ" ಅಂತ ಬರೆಯಿರಿ. ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಕಸದ ಗಾಡಿ ಬಂದಾಗ ಬೇರೆಯಾಗಿ, ಕೈಗೆ ಹೇಳಿ ಕೊಡಿ. ಗಟಾರಕ್ಕೆ, ಹೊಲದ ಬದುವಿಗೆ ಎಸೆಯಬೇಡಿ, ಸುಡಲೂ ಬೇಡಿ. ಇನ್ಸುಲಿನ್ ಮಾರುವ ಮೆಡಿಕಲ್ ಅಂಗಡಿಯವರು ಗಿರಾಕಿಗೆ ಈ ಒಂದು ಮಾತು ಹೇಳಿದರೂ, ನಾಳೆ ಬೆಳಿಗ್ಗೆ ಕಸ ಎತ್ತುವವರ ಕೈ ಉಳಿಯುತ್ತೆ.