ನಿಮಗಿದು ಗೊತ್ತೆ?: ಒಮ್ಮೆ ಮಾಡಿಸಿದರೆ ಸಾಕು ಈ ರಕ್ತಪರೀಕ್ಷೆ

ಲ್ಯಾಬಿನ ‘ಲಿಪಿಡ್ ಪ್ರೊಫೈಲ್’ ವರದಿಯಲ್ಲಿ ಎಲ್‌ಡಿಎಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್ ಎಲ್ಲ ಇರುತ್ತವೆ. ಆದರೆ ಹೃದಯದ ಅಪಾಯ ತಿಳಿಸುವ ಇನ್ನೊಂದು ಅಂಶ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಅದೇ ಲಿಪೊಪ್ರೋಟೀನ್-ಎ.

• ಇದನ್ನು 1963ರಲ್ಲಿ ಪತ್ತೆ ಹಚ್ಚಿದವರು ನಾರ್ವೆಯ ವಿಜ್ಞಾನಿ ಕೋರೆ ಬರ್ಗ್.

• ಇದು ಎಲ್‌ಡಿಎಲ್‌ನಂಥದೇ ಕಣ. ಜೊತೆಗೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ಹೆಚ್ಚಾದರೆ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಶೇಖರವಾಗುತ್ತದೆ. ಹೃದಯದ ಮಹಾಪಧಮನಿ ಕವಾಟವೂ ಗಡುಸಾಗಿ ಕಿರಿದಾಗಬಹುದು.

• ಇದರ ಪ್ರಮಾಣ ಬಹುಪಾಲು ಹುಟ್ಟಿನಿಂದಲೇ, ಅಪ್ಪ-ಅಮ್ಮನಿಂದ ಬಂದದ್ದು. ಪಥ್ಯ, ವಾಕಿಂಗ್‌ಗಳಿಂದ ಅಷ್ಟಾಗಿ ಇಳಿಯುವುದಿಲ್ಲ. ಹಾಗಾಗಿ ಹೆಚ್ಚಿನವರಿಗೆ ಜೀವಮಾನದಲ್ಲಿ ಒಂದು ಸಲ ಪರೀಕ್ಷಿಸಿದರೆ ಸಾಕು; ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದೂ ಇಲ್ಲ.

• ಒಮ್ಮೆಯಾದರೂ ಈ ಪರೀಕ್ಷೆ ಆಗಲಿ ಎಂದು ಕಾರ್ಡಿಯೊಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಪ್ರತಿ ಡೆಸಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ದಾಟಿದರೆ ಅಪಾಯ ಹೆಚ್ಚು.

• ಹೆಚ್ಚಿದೆ ಎಂದು ಗೊತ್ತಾದರೆ ಗಾಬರಿ ಬೇಡ. ಎಲ್‌ಡಿಎಲ್, ಬಿಪಿ, ಶುಗರ್ ಹತೋಟಿಯಲ್ಲಿಟ್ಟು, ಬೀಡಿ-ಸಿಗರೇಟು ಬಿಟ್ಟರೆ ಒಟ್ಟಾರೆ ಅಪಾಯ ಖಂಡಿತ ತಗ್ಗುತ್ತದೆ.

ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ, ತಡ ಮಾಡದೆ ವೈದ್ಯರನ್ನು ಕೇಳಿ ಈ ಪರೀಕ್ಷೆ ಮಾಡಿಸಿಕೊಳ್ಳಿ.